ವಿಮಾನದ ಬಾಲ

ನೀವು ಗಾಳಿಪಟ ಹಾರಿಸಿದ್ದೀರಾ? ಬಾಲಂಗೋಚಿ ಕಿತ್ತುಹೋದರೆ ಗಾಳಿಪಟ ಏನಾಗುತ್ತದೆ? ಗಿರಗಿರ ಸುತ್ತುತ್ತದೆ. ತಲೆಕೆಳಗಾಗಿ ಬೀಳುತ್ತದೆ. ವಿಮಾನಕ್ಕೂ ಬಾಲ ಇದೆ. ಅದು ನೆಟ್ಟಗೆ ಹಾರಲು ಬಾಲವೇ ಆಧಾರ.

ವಿಮಾನವನ್ನು ದೊಡ್ಡ ಕಾರ್ಖಾನೆಯಲ್ಲೇ ಮಾಡಬೇಕು ಅಂತ ನಾವು ತಿಳಿದಿದ್ದೇವೆ. ಆದರೆ ಮನೆಯಲ್ಲೇ ವಿಮಾನ ಕಟ್ಟುವವರೂ ಇದ್ದಾರೆ. ಅಮೆರಿಕ ದೇಶದಲ್ಲಿ ಇಂಥವರು ಸಾವಿರಾರು ಮಂದಿ. 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬುವರು ಇವರಿಗಾಗಿ ಒಂದು ಸಂಘ ಕಟ್ಟಿದರು. ಒರೆಗಾನ್ ರಾಜ್ಯದ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಎಂಬುವರು ತಮ್ಮದೇ ನಕ್ಷೆಯ ಸಣ್ಣ ವಿಮಾನ ಕಟ್ಟಿದರು. ಅದು 1971ರಲ್ಲಿ ಹಾರಿತು. ಆಮೇಲೆ ಅವರ ಕಂಪನಿ ವಿಮಾನದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಇದಕ್ಕೆ ‘ಕಿಟ್’ ಎನ್ನುತ್ತಾರೆ. ಈ ಕಿಟ್ಟುಗಳಿಂದ ಜನ ಕಟ್ಟಿ ಹಾರಿಸಿದ ವಿಮಾನಗಳು 11,000ಕ್ಕೂ ಹೆಚ್ಚು. ಕಾರು ನಿಲ್ಲಿಸುವ ಶೆಡ್ಡೇ ಅವರ ಕಾರ್ಖಾನೆ!

ಕೆಲಸ ಶುರುವಾಗುವುದು ಬಾಲದಿಂದ. ಯಾಕೆ ಗೊತ್ತೇ? ಬಾಲ ಚಿಕ್ಕದು. ಖರ್ಚು ಕಡಿಮೆ. ಕೈ ಪಳಗುತ್ತದೆ. ಒಂದು ತುಂಡು ಕೆಟ್ಟರೂ ನಷ್ಟ ಕಡಿಮೆ.

ಅಲ್ಲಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆ ಮತ್ತು ಮಗಳು ಬಾಲ ಕಟ್ಟುತ್ತಿದ್ದಾರೆ.

“ಅಪ್ಪಾ, ಬಾಲದಲ್ಲಿ ಏನೇನು ಭಾಗ ಇದೆ?” ಮಗಳು ಕೇಳಿದಳು.

“ನೆಟ್ಟಗೆ ನಿಂತ ಒಂದು ರೆಕ್ಕೆ. ಅಡ್ಡ ಮಲಗಿದ ಒಂದು ರೆಕ್ಕೆ. ಇವೆರಡೂ ಅಲುಗಾಡಲ್ಲ. ಇವುಗಳ ಹಿಂದೆ ಬಾಗಿಲಿನ ಹಾಗೆ ಆಡುವ ಹಲಗೆಗಳು ಇರ್ತಾವೆ. ನಿಂತ ರೆಕ್ಕೆಯ ಹಿಂದೆ ಇರೋದು ರಡ್ಡರ್. ದೋಣಿಯ ಚುಕ್ಕಾಣಿ ಇದ್ದ ಹಾಗೆ. ವಿಮಾನದ ಮೂತೀನ ಎಡಕ್ಕೆ, ಬಲಕ್ಕೆ ತಿರುಗಿಸುತ್ತೆ. ಅಡ್ಡ ರೆಕ್ಕೆಯ ಹಿಂದೆ ಇರೋದು ಎಲಿವೇಟರ್. ಅದನ್ನ ಮೇಲಕ್ಕೆತ್ತಿದರೆ ಗಾಳಿ ಬಾಲವನ್ನ ಕೆಳಕ್ಕೆ ಒತ್ತುತ್ತೆ. ಮೂತಿ ಮೇಲಕ್ಕೇಳುತ್ತೆ.”

ಬಾಲವನ್ನು ಕಟ್ಟುವುದು ಹೀಗೆ. ಮೊದಲು ಪುಸ್ತಕ ಓದಬೇಕು. ನಕ್ಷೆ ನೋಡಬೇಕು. ಅವಸರ ಮಾಡಿದರೆ ಎಡಗಡೆಯ ತುಂಡುಗಳೇ ಎರಡು ಆಗಿಬಿಡುತ್ತವೆ! ಆಮೇಲೆ ಒಳಗಿನ ಪಟ್ಟಿಗಳ ಮೇಲೆ ಅಲ್ಯೂಮಿನಿಯಂ ತಗಡನ್ನು ಹೊದಿಸಬೇಕು. ದರ್ಜಿ ಮೊದಲು ಕಚ್ಚಾ ಹೊಲಿಗೆ ಹಾಕುತ್ತಾನಲ್ಲ, ಹಾಗೆಯೇ ಇಲ್ಲಿ ಸ್ಪ್ರಿಂಗ್ ಪಿನ್ನುಗಳಿಂದ ತಗಡನ್ನು ಹಿಡಿಸುತ್ತಾರೆ. ತೂತುಗಳನ್ನು ಸರಿಯಾದ ಅಳತೆಗೆ ಕೊರೆಯುತ್ತಾರೆ. ಮತ್ತೆ ಎಲ್ಲವನ್ನೂ ಬಿಚ್ಚುತ್ತಾರೆ. ಪ್ರತಿ ತೂತಿನ ಒರಟು ಅಂಚನ್ನು ಉಜ್ಜಿ ನಯ ಮಾಡುತ್ತಾರೆ. ಒರಟು ಉಳಿದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಕೊನೆಗೆ ರಿವೆಟ್ ಹೊಡೆಯುವುದು. ಒಬ್ಬರು ರಿವೆಟ್ಟಿನ ತಲೆಗೆ ಗಾಳಿ ಸುತ್ತಿಗೆಯಿಂದ ಹೊಡೆಯುತ್ತಾರೆ. ಇನ್ನೊಬ್ಬರು ಹಿಂದುಗಡೆ ಭಾರದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯುತ್ತಾರೆ. ರಿವೆಟ್ಟಿನ ತುದಿ ಚಪ್ಪಟೆಯಾಗಿ ತಗಡು ಬಿಗಿಯುತ್ತದೆ.

ಆ ದಿನ ಅಡ್ಡ ರೆಕ್ಕೆಯ ಒಳಗಿನ ಒಂದು ಆ್ಯಂಗಲ್ ಪಟ್ಟಿಗೆ ತಂದೆ ತೂತು ಕೊರೆದರು. ತೂತು ಅಂಚಿಗೆ ಸರಿಯಿತು. ಮಗಳು ಸ್ಕೇಲ್ ಇಟ್ಟು ನೋಡಿದಳು.

“ಅಪ್ಪಾ, ಇದು ಅರೆಕಾಲು ಇಂಚಿನ ತೂತು. ತೂತಿನ ನಡುವಿನಿಂದ ಅಂಚಿಗೆ ಅದರ ಎರಡರಷ್ಟು ಬೇಕು. ಅಂದರೆ ಕಾಲು ಇಂಚು. ಇಲ್ಲಿ ಅಷ್ಟಿಲ್ಲ.”

“ಕೂದಲೆಳೆಯಷ್ಟು ಕಡಿಮೆ ಅಷ್ಟೇ. ತಗಡು ಮುಚ್ಚಿದ ಮೇಲೆ ಯಾರಿಗೆ ಕಾಣುತ್ತೆ?”

“ಯಾರಿಗೂ ಕಾಣಲ್ಲ, ಅಪ್ಪಾ. ಅದಕ್ಕೇ ನನಗೆ ಭಯ. ಮೊದಲ ಸಲ ಇದರಲ್ಲಿ ಹಾರೋದು ನೀನೇ ಅಲ್ವಾ?”

ತಂದೆ ಡ್ರಿಲ್ ಕೆಳಗಿಟ್ಟರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಂಜೆ ಸಂಘದ ಸಲಹೆಗಾರರೊಬ್ಬರನ್ನು ಕರೆದರು. ಆಕೆ ತಾನೇ ಒಂದು ವಿಮಾನ ಕಟ್ಟಿದವಳು. ತಪ್ಪಿದ ತೂತನ್ನು ನೋಡಿ ನಕ್ಕಳು.

“ನಾನೂ ಈ ತಪ್ಪು ಮಾಡಿದ್ದೆ. ಅಂಚಿಗೆ ಹತ್ತಿರ ಆದರೆ ಅಲ್ಲಿ ಲೋಹಕ್ಕೆ ಬಲ ಸಾಲದು. ವಿಮಾನ ನಡುಗಿದಾಗೆಲ್ಲ ಬಿರುಕು ಬೆಳೀಬಹುದು. ಬಾಲ ಬಿಟ್ಟರೆ ವಿಮಾನ ನಮ್ಮ ಮಾತು ಕೇಳಲ್ಲ. ಹೊಸ ಪಟ್ಟಿ ತರಿಸಿ. ಪಟ್ಟಿಗೆ ಬೆಲೆ ಇದೆ, ಜೀವಕ್ಕೆ ಬೆಲೆ ಕಟ್ಟೋಕಾಗಲ್ಲ.”

ಹೊಸ ಪಟ್ಟಿ ಬಂತು. ಈ ಸಲ ತಂದೆ ಎರಡು ಸಲ ಅಳೆದರು. ಮಗಳು ಇನ್ನೊಂದು ಸಲ ಅಳೆದಳು. ಆಮೇಲೆ ಕೊರೆದರು. ಮಾಡಿದ ಕೆಲಸವನ್ನು ತಾರೀಕು ಹಾಕಿ ಪುಸ್ತಕದಲ್ಲಿ ಬರೆದರು. ತಪ್ಪನ್ನೂ ಬರೆದರು. ಹಳೆಯ ಪಟ್ಟಿಯನ್ನು ತಂದೆ ಎಸೆಯಲಿಲ್ಲ. ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು.

ರೆಕ್ಕೆ, ಮೈ, ಎಂಜಿನ್ ಇನ್ನೂ ಬಾಕಿ ಇವೆ. ಅದಕ್ಕೆಲ್ಲ ವರ್ಷಗಳೇ ಬೇಕು. ವಿಮಾನ ಮುಗಿದ ಮೇಲೆ ಸರಕಾರದ ಪರವಾಗಿ ತಪಾಸಣೆ ನಡೆಯುತ್ತದೆ. ಆದರೆ ಮುಚ್ಚಿದ ಬಾಲದ ಒಳಗೆ ಏನಿದೆ ಎಂದು ಚೆನ್ನಾಗಿ ಬಲ್ಲವರು ಕಟ್ಟಿದವರೇ. ಅವರ ಮೊದಲ ತಪಾಸಣೆ ಅವರದೇ ಕೈಯಲ್ಲಿದೆ.

ಹೇಳಿ ನೋಡೋಣ
1. ರಡ್ಡರ್ ಏನು ಕೆಲಸ ಮಾಡುತ್ತದೆ? ಎಲಿವೇಟರ್ ಏನು ಕೆಲಸ ಮಾಡುತ್ತದೆ?
2. ತೂತಿನ ಅಂಚನ್ನು ಯಾಕೆ ನಯ ಮಾಡಬೇಕು?
3. ತಂದೆ ಹಳೆಯ ಪಟ್ಟಿಯನ್ನು ಗೋಡೆಗೆ ಯಾಕೆ ತೂಗುಹಾಕಿದರು?
4. ನಿಮ್ಮ ಕೆಲಸದಲ್ಲಿ ಹೊರಗೆ ಕಾಣದ ತಪ್ಪು ಯಾವುದು? ಅದನ್ನು ಹೇಗೆ ತಿದ್ದುತ್ತೀರಿ? ಎಲ್ಲರೂ ಕೂತು ಮಾತಾಡಿ.