ಯಂತ್ರಮಾನವನ ನಗೆಯೂ ನಡಿಗೆಯೂ

ಮನುಷ್ಯನ ಆಕಾರದ ಯಂತ್ರವನ್ನು ಮಾಡಿ ನಿಲ್ಲಿಸುವುದು ಈಗ ಅಷ್ಟೇನೂ ದೊಡ್ಡ ಮಾತಲ್ಲ. ಅದು ಮನುಷ್ಯನಂತೆ ನಡೆಯಬೇಕು, ನಗಬೇಕು, ಮಾತಿಗೆ ಓಗೊಡಬೇಕು ಎಂದಾಗ ತೊಡಕು ಆರಂಭವಾಗುತ್ತದೆ. ಆ ತೊಡಕು ಆಕಾರದ್ದಲ್ಲ. ಬಹುಮಟ್ಟಿಗೆ ಕಾಲದ ಲೆಕ್ಕದ್ದು.

1970ರಲ್ಲಿ ಜಪಾನಿನ ಒಸಾಕಾದಲ್ಲಿ ವಿಶ್ವಪ್ರದರ್ಶನ ನಡೆಯಿತು. ಅಲ್ಲಿದ್ದ ಒಂದು ಯಂತ್ರಮಾನವನ ಮುಖದಲ್ಲಿ 29 ಜೊತೆ ಕೃತಕ ಸ್ನಾಯುಗಳಿದ್ದುವು. ಆ ಸ್ನಾಯುಗಳ ವೇಗವನ್ನು ಅರ್ಧಕ್ಕಿಳಿಸಿದರೆ ನಗೆ ನಗೆಯಾಗಿ ಉಳಿಯದೆ ನೋಡುವವರಲ್ಲಿ ಅಳುಕು ಹುಟ್ಟಿಸುತ್ತಿತ್ತು. ವಾಚಕರು ಕನ್ನಡಿಯ ಮುಂದೆ ನಿಂತು, ತುಟಿಯನ್ನು ಬಲು ನಿಧಾನವಾಗಿ ಅರಳಿಸಿ ಇದನ್ನು ಪರೀಕ್ಷಿಸಬಹುದು. ಟೋಕಿಯೋದ ಪ್ರಾಧ್ಯಾಪಕ ಮಸಾಹಿರೋ ಮೋರಿಯವರು ಅದೇ ವರ್ಷದ ಪ್ರಬಂಧವೊಂದರಲ್ಲಿ ಈ ಸಂಗತಿಯನ್ನು ಹೇಳಿದರು. ಯಂತ್ರವು ಮನುಷ್ಯನನ್ನು ಹೋಲುತ್ತ ಬಂದಂತೆಲ್ಲ ನಮಗೆ ಅದರಲ್ಲಿ ಅಕ್ಕರೆ ಬೆಳೆಯುತ್ತದೆ. ತೀರ ಸಮೀಪಕ್ಕೆ ಬಂದು ಸ್ವಲ್ಪದರಲ್ಲಿ ತಪ್ಪಿದಾಗ ಆ ಅಕ್ಕರೆ ಒಮ್ಮೆಲೆ ಕುಸಿಯುತ್ತದೆ. ಈ ಕುಸಿತವನ್ನು ಅವರು 'ಕಣಿವೆ' ಎಂದು ಕರೆದರು. ಚಲಿಸುವ ವಸ್ತುವಿನಲ್ಲಿ ಕಣಿವೆ ಇನ್ನೂ ಆಳ. ಆದುದರಿಂದ ಪೂರ್ಣ ಹೋಲಿಕೆಗೆ ಹೋಗದಿರುವುದೇ ಲೇಸೆಂದು ಅವರ ಸಲಹೆ. ನಿಜವಾದ ಕೈಯೆಂದು ಭ್ರಮೆ ಹುಟ್ಟಿಸುವ ಕೃತಕ ಕೈಗಿಂತ, ಬುದ್ಧ ವಿಗ್ರಹಗಳನ್ನು ಕೆತ್ತುವ ಶಿಲ್ಪಿ ಮರದಲ್ಲಿ ಕಡೆದ ಕೈ ಅವರಿಗೆ ಹೆಚ್ಚು ಒಪ್ಪಿತವಾಗಿತ್ತು.

ಇನ್ನು ನಡಿಗೆ. ನಾವು ಪ್ರತಿ ಹೆಜ್ಜೆಯಲ್ಲೂ ಮುಂದಕ್ಕೆ ಬೀಳುತ್ತೇವೆ. ಬಿದ್ದುಹೋಗುವ ಮೊದಲೇ ಹಿಂದಿನ ಕಾಲು ಗಡಿಯಾರದ ಲೋಲಕದಂತೆ ತೂಗಿಬಂದು ನಮ್ಮನ್ನು ಹಿಡಿಯುತ್ತದೆ. ಹೋಂಡಾ ಕಂಪೆನಿ 2000ದಲ್ಲಿ ಹೊರತಂದ ಅಸಿಮೊ ಎಂಬ ಯಂತ್ರಮಾನವ ಹಾಗಲ್ಲ. ಮೊಣಕಾಲು ಬಗ್ಗಿಸಿಕೊಂಡು, ಕೀಲುಗಳನ್ನೆಲ್ಲ ಮೋಟಾರಿನಿಂದ ಬಿಗಿಹಿಡಿದು ಅಡಿಯಿಡುತ್ತಿತ್ತು. ತೂಕಕ್ಕೆ ತೂಕ ಹೋಲಿಸಿದರೆ ಅದರ ನಡಿಗೆಗೆ ನಮ್ಮ ಹತ್ತು ಪಟ್ಟಿಗೂ ಹೆಚ್ಚು ಶಕ್ತಿ ಬೇಕಾಗಿತ್ತು. ವಿಚಿತ್ರವೆಂದರೆ, ಅದಕ್ಕೂ ಮೊದಲೇ, 1990ರಲ್ಲಿ, ಟ್ಯಾಡ್ ಮೆಕ್‌ಗೀರ್ ಎಂಬ ಎಂಜಿನಿಯರು ಮೋಟಾರೇ ಇಲ್ಲದ ಕಾಲುಗಳು ಸಣ್ಣ ಇಳಿಜಾರಿನಲ್ಲಿ ತಾವಾಗಿಯೇ ನಡೆಯಬಲ್ಲವೆಂದು ತೋರಿಸಿದ್ದರು. ಮುಖವಿಲ್ಲ, ಮೈಯಿಲ್ಲ, ಆದರೂ ಯಾರೋ ನಡೆದುಬಂದಂತೆ ಕಾಣುತ್ತದೆ.

ಮಾತುಕತೆಯಲ್ಲಿ ಲೆಕ್ಕ ಮತ್ತೂ ಸೂಕ್ಷ್ಮ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಪ್ರಶ್ನೆಗೂ ಉತ್ತರಕ್ಕೂ ನಡುವಣ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಪಾಲು ಮಾತ್ರ! ಉತ್ತರವನ್ನು ಕಟ್ಟಿಕೊಳ್ಳಲು ಅಷ್ಟು ಕಾಲ ಸಾಲದು. ಎದುರಿನವರ ಮಾತು ಮುಗಿಯುವ ಮುನ್ನವೇ ನಾವು ಸಿದ್ಧರಾಗಿರುತ್ತೇವೆ. ಮೌನವನ್ನು ಅಳೆದು, ಮಾತು ನಿಂತಿತೆಂದು ಖಚಿತವಾದ ಮೇಲೆ ಹೊರಡುವ ಯಂತ್ರ ತಡವಾಗುತ್ತದೆ. ಆತುರಪಟ್ಟರೆ ನಡುವೆ ಬಾಯಿ ಹಾಕುತ್ತದೆ. ಇಂಥ ಯಂತ್ರಗಳನ್ನು ವೃದ್ಧರ ಶುಶ್ರೂಷೆಗೆ ನಿಯೋಜಿಸುವ ಯತ್ನಗಳು ನಡೆದಿರುವಾಗ ಇದು ಸಣ್ಣ ದೋಷವಲ್ಲ. ಉಸಿರು ತಿರುಗಿಸಿಕೊಳ್ಳಲು ಮಾತು ನಿಲ್ಲಿಸಿದ ಅಜ್ಜನಿಗೆ ಔಷಧದ ವಿಷಯ ಪೂರ್ತಿ ಹೇಳುವ ಅವಕಾಶವೇ ತಪ್ಪೀತು.

ಇದಕ್ಕೆ ಒಂದು ಉಪಾಯ, ಕೇಳುತ್ತಿರುವಾಗಲೇ ಯಂತ್ರವು ಮಾತಾಡುವವರತ್ತ ಕಣ್ಣು ಹೊರಳಿಸಿ ತಲೆದೂಗುವಂತೆ ಮಾಡುವುದು. ಇದು ಬರಿಯ ನಟನೆ ಎನ್ನುವವರುಂಟು. ಆದರೆ ಹೂಂಗುಟ್ಟುವವರಿಲ್ಲದೆ ಕಥೆ ಹೇಳಿದವರಿಗೆ ಅದರ ಬೆಲೆ ಗೊತ್ತು.