ವೇಗದ ಕಾರಿನ ಮುಂಚಕ್ರಗಳು

ಇತಿಹಾಸ, ಸಾಹಿತ್ಯಗಳನ್ನು ಓದುವವನಿಗೆ ಮೋಟಾರಿನ ಕೀಲುಗಳ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ಒಂದು ಯಂತ್ರವನ್ನು ಬಲಪಡಿಸುವುದೆಂದರೇನು ಎಂಬ ಪ್ರಶ್ನೆ ಎಲ್ಲರೂ ಆಲೋಚಿಸತಕ್ಕದ್ದೆಂದು ನಾನು ಬಗೆದಿದ್ದೇನೆ. ಉದಾಹರಣೆಗೆ ಇಂಗ್ಲೆಂಡಿನ ಮಿನಿ ಕಾರನ್ನು ಆರಿಸಿಕೊಂಡಿದ್ದೇನೆ.

ಅಲೆಕ್ ಇಸಿಗೊನಿಸ್ ರೂಪಿಸಿದ ಈ ಪುಟ್ಟ ಕಾರು 1959ರಲ್ಲಿ ಹೊರಬಂದಿತು. ಇದರ ಚಕ್ರಗಳು 10 ಅಂಗುಲದವು. ಉಕ್ಕಿನ ಸ್ಪ್ರಿಂಗುಗಳ ಬದಲು ಅಲೆಕ್ಸ್ ಮೌಲ್ಟನ್ನರ ರಬ್ಬರಿನ ಶಂಕುಗಳು ಇದರ ಭಾರವನ್ನು ಹೊತ್ತವು. ಸಂಸಾರಸ್ಥರಿಗಾಗಿ ಹುಟ್ಟಿದ ಕಾರು 1961ರಲ್ಲಿ ಜಾನ್ ಕೂಪರರ ಹೆಸರಿನಿಂದ ವೇಗದ ಕಾರಾಯಿತು. 1963ರಲ್ಲಿ ಬಂದ ಕೂಪರ್ ಎಸ್ ಮಾದರಿಯು ಮರುವರ್ಷವೇ ಮಾಂಟೆ ಕಾರ್ಲೊ ರ್ಯಾಲಿಯನ್ನು ಗೆದ್ದಿತು.

ವೇಗವಾಗಿ ತಿರುಗುವಾಗ ಕಾರಿನ ಒಡಲು ಹೊರಕ್ಕೆ ವಾಲುತ್ತದೆ. ಹೊರಬದಿಯ ಮುಂಚಕ್ರದ ಮೇಲೆ ಹೊರೆ ಹೆಚ್ಚುತ್ತದೆ. ಟೈರು ಅಂಚಿನ ಮೇಲೆ ನಿಂತು ನೆಲದ ಹಿಡಿತವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ಕೆಳಗಿನ ತೋಳನ್ನು ತುಸು ಉದ್ದವಾಗಿಸಿ, ಚಕ್ರದ ಮೇಲ್ಭಾಗವು ಸುಮಾರು ಒಂದೂವರೆ ಡಿಗ್ರಿ ಒಳಕ್ಕೆ ಬಾಗುವಂತೆ ಮಾಡುತ್ತಾರೆ. ಆಗ ತಿರುವಿನಲ್ಲಿ ಟೈರು ಚಪ್ಪಟೆಯಾಗಿ ಕೂರುತ್ತದೆ. ಆದರೆ ನೇರದಾರಿಯಲ್ಲಿ ಟೈರಿನ ಒಳ ಅಂಚು ಬೇಗ ಸವೆಯುವುದು ಈ ಲಾಭಕ್ಕೆ ತೆರಬೇಕಾದ ಬೆಲೆ.

ಹಿಡಿತ ಹೆಚ್ಚಿದರೆ ಆ ಬಲವನ್ನೆಲ್ಲ ಹೊರುವವರು ಯಾರು? ಚಕ್ರದ ಬೇರಿಂಗುಗಳು. ನೆಲ ಮುಟ್ಟುವೆಡೆಯ ಬಲವು ಚಕ್ರದ ಅರೆವ್ಯಾಸವನ್ನೇ ಸನ್ನೆಗೋಲಾಗಿ ಮಾಡಿಕೊಂಡು ಅವನ್ನು ತಿರುಚುತ್ತದೆ. ಅಗಲವಾದ ಚಕ್ರವನ್ನು ಹೊರಕ್ಕೆ ಚಾಚಿ ಕೂರಿಸಿದರೆ ಕಾರಿನ ಭಾರವೂ ಬೇರಿಂಗಿನಿಂದ ಹೊರಗೆ ಬಿದ್ದು ಹೊರೆ ಇನ್ನಷ್ಟು ಏರುತ್ತದೆ. ಗುಂಡುಗಳ ಬೇರಿಂಗಿನ ಆಯುಸ್ಸು ಹೊರೆಯ ಘನಕ್ಕೆ ವಿಲೋಮವಾಗಿರುತ್ತದೆ. ಹೊರೆ ಕಾಲುಭಾಗ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇಮ್ಮಡಿಯಾದರೆ ಎಂಟರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ.

ಆದುದರಿಂದಲೇ ಸಾಧಾರಣ ಮಿನಿಯ ಮುಂಚಕ್ರದಲ್ಲಿ ಗುಂಡುಗಳಿದ್ದರೆ, ಕೂಪರ್ ಎಸ್‌ನಲ್ಲಿ ಶಂಕುವಿನಂತೆ ಒಂದು ಕಡೆ ಸಣ್ಣಗಾದ ಉರುಳೆಗಳನ್ನಿಟ್ಟರು. ಗುಂಡು ತನ್ನ ಹಾದಿಯನ್ನು ಬಿಂದುವಿನಷ್ಟು ಜಾಗದಲ್ಲಿ ಮುಟ್ಟುತ್ತದೆ; ಉರುಳೆ ಗೆರೆಯುದ್ದಕ್ಕೂ ಮುಟ್ಟುತ್ತದೆ. ಓರೆಯಾಗಿರುವುದರಿಂದ ಅದು ಮೇಲಿನ ಭಾರವನ್ನೂ ಪಕ್ಕದ ನೂಕನ್ನೂ ಒಟ್ಟಿಗೆ ತಡೆಯಬಲ್ಲದು. ಈ ಉರುಳೆಬೇರಿಂಗುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಅವುಗಳ ನಡುವಿನ ಅಳತೆಯ ಬಳೆಯನ್ನು ಆ ಜೋಡಿಗೆಂದೇ ತಯಾರಿಸಿರುತ್ತಾರೆ. ಬೇರೊಂದು ಜೋಡಿಯ ಬಳೆಯನ್ನು ಹಾಕಿದರೆ ಒಂದೋ ಬಿಗಿದು ಕಾದುಹೋಗುತ್ತವೆ, ಇಲ್ಲವೇ ಸಡಿಲಗೊಂಡು ಚಕ್ರ ಅಲುಗುತ್ತದೆ.

ಪರೀಕ್ಷೆ ಸುಲಭ. ಕಾರನ್ನು ಜಾಕಿನಿಂದೆತ್ತಿ, ಆಧಾರ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಸಡಿಲ ಕಂಡರೆ, ಅಥವಾ ತಿರುಗಿಸಿದಾಗ ಗರಗರ ಸದ್ದು ಬಂದರೆ, ಓಡಿಸುವ ಮಾತನ್ನೇ ಬಿಟ್ಟು ಕಾರಣವನ್ನು ಹುಡುಕಬೇಕು. ಇಲ್ಲಿನ ಉದಾಸೀನಕ್ಕೆ ಬೆಲೆ ತೆರುವುದು ಓಡಿಸುವವನ ಪ್ರಾಣ ಮಾತ್ರವಲ್ಲ, ದಾರಿಹೋಕರ ಪ್ರಾಣವೂ ಹೌದು.

ಹಳೆಯ ಮಿನಿಯ ತಯಾರಿಕೆ 2000ದಲ್ಲಿ ನಿಂತಿತು. ಅದು ಕಲಿಸಿದ ಪಾಠ ನಿಂತಿಲ್ಲ. ಎಂಜಿನ್ನಿಗೆ ಬಲ ತುಂಬುವ ಉತ್ಸಾಹ ಯುವಕರಲ್ಲಿ ಸಹಜವೇ. ಆದರೆ ಬಲಪಡಿಸಿದ ಪ್ರತಿಯೊಂದು ಅಂಗವೂ ತನ್ನ ಹೊರೆಯನ್ನು ಪಕ್ಕದ ಅಂಗಕ್ಕೆ ದಾಟಿಸುತ್ತದೆ. ಬೇರಿಂಗು, ಬ್ರೇಕುಗಳು ಮೊದಲು, ತೋಳುಗಳು ಅನಂತರ, ಎಂಜಿನ್ನು ಕಡೆಗೆ: ಈ ಕ್ರಮವನ್ನು ಮರೆಯದಿರುವುದೇ ವಿವೇಕವೆಂದು ನನ್ನ ನಂಬಿಕೆ.