ಇಲಿ ಪಾಷಾಣ ಅಳಿಲಿನ ಬಾಯಿಗೆ ಬೀಳದಿರಲಿ

ಕಂಪ್ಲಿಯ ಗದ್ದೆ, ಹಂಪಿ-ಕಮಲಾಪುರದ ಬಾಳೆತೋಟ, ಸಂಡೂರಿನ ಮೆಕ್ಕೆಜೋಳ, ಎಲ್ಲೆಡೆ ಇಲಿ ಕಾಟ. ಪಾಷಾಣ ಇಟ್ಟವರಿಗೆ ಬದುವಿನ ಮೇಲೆ ಸಿಗುವುದು ಮಾತ್ರ ಸತ್ತ ಅಳಿಲು.

ಶೇಂಗಾ, ಕೊಬ್ಬರಿ ಚೂರು, ಮಾಗಿದ ಹಣ್ಣು ಎಂದರೆ ಅಳಿಲಿಗೆ ಪ್ರಾಣ. ಅದು ಮೇಯುವುದು ಹಗಲು. ಇಲಿ, ಹೆಗ್ಗಣ ಹೊರಬೀಳುವುದು ಕತ್ತಲಾದ ಮೇಲೆ. ಬೆಳಿಗ್ಗೆ ಶೇಂಗಾಕ್ಕೆ ಪಾಷಾಣ ಬೆರೆಸಿ ಬಾಳೆ ಬುಡಕ್ಕೆ ಚೆಲ್ಲಿದರೆ ಸಂಜೆಯೊಳಗೆ ಅಳಿಲು, ಗೊರವಂಕಗಳೇ ಖಾಲಿ ಮಾಡುತ್ತವೆ. ದರೋಜಿ ಕರಡಿಧಾಮದ ಅಂಚಿನ ಹೊಲಗಳಲ್ಲಿ ನವಿಲು, ಕೌಜುಗವೂ ಪಾಲಿಗೆ ಬರುತ್ತವೆ. ಆದ್ದರಿಂದ ಶೇಂಗಾ ಬಿಡಿ, ಅಕ್ಕಿ ನುಚ್ಚು ಹಿಡಿಯಿರಿ. ಬಯಲಲ್ಲಿ ಚೆಲ್ಲದೆ ಬಿಲದೊಳಗೆ ಇಡಿ.

1. ತೆನೆ ಹಾಲುಗಟ್ಟುವ ಮೊದಲೇ ಶುರು ಮಾಡಿ. ಹೊಲದಲ್ಲೇ ಹೊಟ್ಟೆ ತುಂಬುವಾಗ ಇಲಿ ನಿಮ್ಮ ನುಚ್ಚು ಮೂಸುವುದಿಲ್ಲ.

2. ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ. ಮರುದಿನ ತೆರೆದಿರುವುದೇ ಇಲಿ ಇರುವ ಬಿಲ.

3. 980 ಗ್ರಾಂ ನುಚ್ಚಿಗೆ 20 ಗ್ರಾಂ ಅಡುಗೆ ಎಣ್ಣೆ ಬೆರೆಸಿ, ವಿಷವಿಲ್ಲದೆ, ಎರಡು ಸಂಜೆ ಬಿಲಕ್ಕೆ ಹಾಕಿ. ಇದನ್ನು ದಂಡ ಎಂದುಕೊಂಡು ಬಿಡುವವರೇ ಹೆಚ್ಚು. ಇಲಿ ಹೊಸ ತಿಂಡಿಯನ್ನು ಮೊದಲು ಚೂರೇ ಕಚ್ಚಿ ನೋಡುತ್ತದೆ. ಮೊದಲ ದಿನವೇ ವಿಷವಿದ್ದರೆ ಹೊಟ್ಟೆ ಕೆಟ್ಟು ಬದುಕಿಕೊಂಡದ್ದು ಮತ್ತೆ ಅತ್ತ ಸುಳಿಯುವುದಿಲ್ಲ.

4. ಮುಂದಿನ ಸಂಜೆ 960 ಗ್ರಾಂ ನುಚ್ಚು, 20 ಗ್ರಾಂ ಎಣ್ಣೆ, 20 ಗ್ರಾಂ ಜಿಂಕ್ ಫಾಸ್ಫೈಡ್. ಬಿಲಕ್ಕೆ 10 ಗ್ರಾಂ, ಕಾಗದದ ಪೊಟ್ಟಣದಲ್ಲಿ ಒಳಕ್ಕೆ ತಳ್ಳಿ ಬಾಯಿ ಮುಚ್ಚಿ.

5. ಬೆಳಕು ಹರಿಯುತ್ತಲೇ ಸತ್ತವನ್ನು, ಉಳಿದ ನುಚ್ಚನ್ನು ಆಳವಾಗಿ ಹೂಳಿ. ತಡವಾದರೆ ಹದ್ದು, ನಾಯಿಗೆ ಅಪಾಯ.

ಕೈಗವಸು ಹಾಕಿ ಕೋಲಿನಿಂದಲೇ ಕಲೆಸಿ, ನೀರು ಸೋಕಿಸಬೇಡಿ: ತೇವ ತಗುಲಿದರೆ ವಿಷಾನಿಲ ಏಳುತ್ತದೆ. ಈ ವಿಷಕ್ಕೆ ಪ್ರತ್ಯೌಷಧವಿಲ್ಲ. ಅಡುಗೆ ಪಾತ್ರೆಯಂತೂ ಬೇಡವೇ ಬೇಡ.

ಅಳಿಲೇ ಹಣ್ಣು ಕೆಡಿಸುತ್ತಿದ್ದರೆ? ಅದಕ್ಕೆ ವಿಷ ಇಡುವುದು ನನ್ನ ಪ್ರಕಾರ ಸಲ್ಲದು. ದಾಳಿಂಬೆಗೆ ಚೀಲ ಕಟ್ಟಿ, ಮಾಗಿದ ಹಣ್ಣನ್ನು ಮರದಲ್ಲೇ ಬಿಡದೆ ಕೊಯ್ಯಿರಿ. ತೆಂಗಿಗೆ ಎರಡು ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ತಗಡು ಸುತ್ತಿ. ಪಕ್ಕದ ಮರದ ಗರಿ ತಾಗುತ್ತಿದ್ದರೆ ತಗಡಿನ ದುಡ್ಡು ದಂಡ.